ನನ್ನ ಕಾದಂಬರಿಯ ಮೊದಲ ಪುಟ ಹೇಗಿದೆ?

ಸಕಲೇಶಪುರದ ಕಾಫಿ ತೋಟದ ಮೇಲೆ ಕಾದಂಬರಿ ಬರೆಯುತ್ತಿದ್ದೀರಿ, ಮೊದಲ ಪುಟ ಹಿಡಿಸಿತಾ ಎಂದು ಕೇಳಿದ್ದೀರಿ.

ಅರ್ಧ ಹಿಡಿಸಿತು. ಮೊದಲ ಎರಡು ಪ್ಯಾರಾ ಪೂರ್ತಿ ಮಂಜು. ಮಲೆನಾಡು ಅಂದ ಕೂಡಲೇ ಎಲ್ಲರೂ ಮಂಜಿನಿಂದಲೇ ಶುರು ಮಾಡುತ್ತಾರೆ (ನಾನೂ ಮಾಡಿದ್ದೆ). ನಿಮ್ಮ ಕಥೆ ನಿಜವಾಗಿ ಶುರುವಾಗುವುದು ಮೂರನೇ ಪ್ಯಾರಾದಲ್ಲಿ, ತೋಟದ ರೈಟರು (ಲೆಕ್ಕ ಬರೆಯುವವರು) ಸಂಬಳದ ಪುಸ್ತಕದಲ್ಲಿ ಒಂದು ಹೆಸರು ಹೊಡೆದುಹಾಕುವಾಗ. ಯಾರ ಹೆಸರು, ಯಾಕೆ? ಅಲ್ಲಿ ನಾನು ನೆಟ್ಟಗೆ ಕೂತೆ. ಅದನ್ನೇ ಮೊದಲ ಸಾಲು ಮಾಡಿ. ಮಂಜು ಬೇಕಿದ್ದರೆ ರೈಟರ ಕನ್ನಡಕದ ಮೇಲೆ ಕೂರಲಿ, ಸಾಕು.

ಒಂದು ತಪ್ಪಂತೂ ಉಳಿಯಬಾರದು. ಜುಲೈ ಮಳೆಯಲ್ಲಿ ಕಾಫಿ ಹೂ ಅರಳಿಸಿದ್ದೀರಿ. ಹೂ ಅರಳುವುದು ಮಾರ್ಚ್-ಏಪ್ರಿಲ್ ಹೊತ್ತಿಗೆ, ಹೂಮಳೆ (ಮೊಗ್ಗು ಅರಳಿಸುವ ಬೇಸಿಗೆ ಮಳೆ) ಬಿದ್ದು 8-10 ದಿನಕ್ಕೆ. ಎರಡು ಮೂರು ದಿನದಲ್ಲಿ ಬಾಡಿಯೂ ಹೋಗುತ್ತದೆ. ಜುಲೈನಲ್ಲಿ ಗಿಡದಲ್ಲಿರುವುದು ಹಸಿರು ಕಾಯಿ. ಹಾಸನ, ಚಿಕ್ಕಮಗಳೂರಿನ ಓದುಗರು ಅಲ್ಲೇ ಪುಸ್ತಕ ಮುಚ್ಚಿಡುತ್ತಾರೆ, ಅಲ್ವಾ?

ಪಾತ್ರಗಳ ಮಾತೂ ಸ್ವಲ್ಪ ಪುಸ್ತಕದ ಭಾಷೆಯಂತಿದೆ. 'ತಾವು ಯಾವಾಗ ಆಗಮಿಸಿದಿರಿ' ಅಂತ ತೋಟದಲ್ಲಿ ಯಾರೂ ಕೇಳುವುದಿಲ್ಲ. 'ಯಾವಾಗ ಬಂದ್ರಿ ಅಣ್ಣ' ಅನ್ನುತ್ತಾರೆ.