ಓದುಗರ ಪ್ರಶ್ನೆ: ಹಳೆಯ ಬೆಳ್ಳಿ ನಾಣ್ಯಕ್ಕೆ ಬೆಲೆ ಬರುವುದು ಯಾವುದರಿಂದ?

ಪ್ರಶ್ನೆ: ಹಿರಿಯರಿಂದ ಬಂದ ಬೆಳ್ಳಿ ನಾಣ್ಯಗಳಲ್ಲಿ ಒಂದರ ಮೇಲೆ ಸ್ತ್ರೀಯೊಬ್ಬರ ಮುಖವೂ, ಹಿಂಬದಿಯಲ್ಲಿ ಎರಡು ತಲೆಯ ಹದ್ದೂ, 1780 ಎಂಬ ಇಸವಿಯೂ ಇವೆ. ಇಷ್ಟು ಹಳೆಯದೆಂದ ಮೇಲೆ ಇದು ಅಪರೂಪದ್ದೇ ಆಗಿರಬೇಕಲ್ಲವೇ? ಸಂಗ್ರಾಹಕರಿಗೆ ತೋರಿಸುವ ಮೊದಲು ಉಜ್ಜಿ ಹೊಳಪು ಬರಿಸಬಹುದೇ?

ಉತ್ತರ: ನಿಮ್ಮ ವಿವರಣೆಗೆ ಹೊಂದುವುದು ಆಸ್ಟ್ರಿಯಾದ ಮರಿಯಾ ಥೆರೇಸಾ ಥಾಲರ್. ಆ ರಾಣಿ 1780ರಲ್ಲೇ ತೀರಿಕೊಂಡರು. ಆದರೆ ಕೆಂಪು ಸಮುದ್ರದ ಎರಡೂ ದಡಗಳ ವ್ಯಾಪಾರಿಗಳು ಈ ನಾಣ್ಯವನ್ನೇ ನಂಬಿ ಕೇಳುತ್ತಿದ್ದುದರಿಂದ, ವಿಯೆನ್ನಾದಲ್ಲಿ ಮಾತ್ರವಲ್ಲದೆ ಮುಂದೆ ರೋಮ್, ಲಂಡನ್, ಮುಂಬಯಿಯ ಟಂಕಸಾಲೆಗಳಲ್ಲಿಯೂ, 20ನೆಯ ಶತಮಾನದಲ್ಲೂ, ಇಸವಿಯನ್ನು ಬದಲಿಸದೆಯೇ ಇದನ್ನು ಟಂಕಿಸುತ್ತ ಬಂದರು. ಆದ್ದರಿಂದ ಇದರ ಮೇಲಿನ ಇಸವಿಯನ್ನು ನೋಡಿ ವಯಸ್ಸನ್ನು ಹೇಳಲಾಗದು. ಭುಜದ ಮೇಲಿನ ಪದಕದ ಮುತ್ತುಗಳು, ಹದ್ದಿನ ಬಾಲದ ಗರಿಗಳು ಇಂಥ ಸೂಕ್ಷ್ಮಗಳನ್ನು ಹೋಲಿಸಿಯೇ ತಜ್ಞರು ಆರಂಭದ ಟಂಕಗಳನ್ನು ಗುರುತಿಸುತ್ತಾರೆ. ಈಚಿನವಾದರೆ ಹೆಚ್ಚಿನವುಗಳಿಗೆ ಸಿಗುವುದು ಅವುಗಳಲ್ಲಿರುವ ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು, ಅಷ್ಟೇ.

ಹಳೆಯದೆಲ್ಲ ಅಪರೂಪವೆಂಬ ನಂಬಿಕೆ ಬಹಳ ಜನರಲ್ಲಿದೆ. ಗೂಬೆಯ ಚಿತ್ರವಿರುವ ಅಥೆನ್ಸಿನ ಬೆಳ್ಳಿ ನಾಣ್ಯಗಳಿಗೆ ಸುಮಾರು 2,400 ವರ್ಷ ವಯಸ್ಸಾಗಿದ್ದರೂ, ಅವು ಹೇರಳವಾಗಿ ಉಳಿದಿರುವುದರಿಂದ ಸಂಗ್ರಾಹಕರಿಗೆ ಇಂದಿಗೂ ದೊರೆಯುತ್ತವೆ. ಇದಕ್ಕೆ ವಿರುದ್ಧವಾಗಿ, 1893ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯಲ್ಲಿ ಹೊರಬಂದ ಮಾರ್ಗನ್ ಡಾಲರ್ ಎಂಬ ಬೆಳ್ಳಿ ನಾಣ್ಯಗಳು ಕೇವಲ 1,00,000. ಆಮೇಲೆ 1918ರ ಪಿಟ್‌ಮನ್ ಕಾಯಿದೆಯಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿದಾಗ ಯಾವ ಇಸವಿಯವು ಎಷ್ಟು ಹೋದವೆಂಬ ಲೆಕ್ಕವನ್ನು ಯಾರೂ ಇಡಲಿಲ್ಲ. ಎಷ್ಟು ಟಂಕಿಸಿದರು ಎಂಬುದಕ್ಕಿಂತ ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿ ಉಳಿದಿವೆ, ಬೇಕೆನ್ನುವವರು ಎಷ್ಟು ಮಂದಿ ಎಂಬುದರ ಮೇಲೆಯೇ ಬೆಲೆ ನಿಂತಿದೆ. ಆ ಡಾಲರ್‌ನ ಮೇಲೆ ಹದ್ದಿನ ಕೆಳಗಿರುವ ಪುಟ್ಟ ‘ಎಸ್’ ಅಕ್ಷರವೇ ಅದರ ಟಂಕಸಾಲೆಯ ಗುರುತು. ಬೇರೆ ಟಂಕಸಾಲೆಯ ಸಾಧಾರಣ ನಾಣ್ಯಕ್ಕೆ ಈ ಅಕ್ಷರವನ್ನು ಅಂಟಿಸಿ ಮಾರುವ ವಂಚಕರೂ ಇದ್ದಾರೆ, ಭೂತಗನ್ನಡಿಯಿಲ್ಲದೆ ಕೊಳ್ಳಬಾರದು.

ಉಜ್ಜುವ ವಿಚಾರದಲ್ಲಿ ನನ್ನ ಉತ್ತರ ಖಂಡಿತವಾಗಿಯೂ ಬೇಡವೆಂಬುದೇ. ಮೇಲಿನ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿನ ಗಂಧಕದ ಸಂಯುಕ್ತಗಳೊಡನೆ ಬೆಳ್ಳಿ ಸೇರಿ ಉಂಟಾದ ತೆಳುಪದರ. ಅದನ್ನು ಪುಡಿ ಹಾಕಿ ತಿಕ್ಕಿದರೆ ಬೆಳ್ಳಿಯೂ ಸವೆಯುತ್ತದೆ, ಮೇಲ್ಮೈಯಲ್ಲಿ ಕೂದಲೆಳೆಯಂಥ ಗೀರುಗಳು ಮೂಡುತ್ತವೆ, ಅನುಭವಿ ಸಂಗ್ರಾಹಕರು ಆ ಕೃತಕ ಹೊಳಪನ್ನು ಕಂಡೊಡನೆಯೇ ಬೆಲೆಯನ್ನು ಇಳಿಸುತ್ತಾರೆ. ಶತಮಾನಗಳನ್ನು ದಾಟಿ ಬಂದ ನಾಣ್ಯವೊಂದು ಅರ್ಧ ಗಂಟೆಯ ಉತ್ಸಾಹಕ್ಕೆ ಹಾಳಾಗುವುದನ್ನು ನೋಡುವುದು ಸಂಕಟದ ಸಂಗತಿ.

ಸದ್ಯಕ್ಕೆ ಅಂಚನ್ನು ಮಾತ್ರ ಹಿಡಿದು ತೂಕ ಮಾಡಿರಿ. ಸರಿಯಾದ ಥಾಲರ್ ಸುಮಾರು 28 ಗ್ರಾಂ ತೂಗುತ್ತದೆ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಚಿನ ಸುತ್ತ ಬೆಸುಗೆಯಂಥ ಗೆರೆ ಕಂಡರೆ ಅದು ಎರಕ ಹೊಯ್ದ ನಕಲಿಯಾಗಿರುವ ಸಂಭವ ಹೆಚ್ಚು. ಮೆದುವಾದ ಪಿವಿಸಿ ಚೀಲಗಳು ಕಾಲಕ್ರಮೇಣ ಹಸಿರು ಜಿಗುಟನ್ನು ಬಿಡುವುದರಿಂದ, ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಎರಡೂ ಬದಿಗಳ ಹಾಗೂ ಅಂಚಿನ ಸ್ಪಷ್ಟ ಚಿತ್ರಗಳನ್ನು ನಾಣ್ಯಶಾಸ್ತ್ರ ಬಲ್ಲವರಿಗೆ ತೋರಿಸಿರಿ.