ಸೈ-ಫೈ ಕಿರುಚಿತ್ರಕ್ಕೆ ಮೊದಲು ಲೋಕ ಕಟ್ಟಬೇಕಾ, ಕಥೆ ಕಟ್ಟಬೇಕಾ?

ಸಮುದ್ರ ನುಗ್ಗಿದ ಮುಂಬೈ ಬಗ್ಗೆ ನಿಮ್ಮ ಮಾಟುಂಗಾ ತಂಡ 40 ಪುಟ ಬರೆದಿಟ್ಟಿದೆ, 15 ನಿಮಿಷದ ಚಿತ್ರಕ್ಕೆ ಕಥೆ ಮಾತ್ರ ಸಿಕ್ಕಿಲ್ಲ ಅಂದಿದ್ದೀರಿ. ಚಿತ್ರಕಥೆಯ ಒಂದು ಪುಟ ಅಂದರೆ ಪರದೆ ಮೇಲೆ ಹೆಚ್ಚುಕಮ್ಮಿ ಒಂದು ನಿಮಿಷ. ನಿಮಗಿರೋದು 15 ಪುಟ. ಆ 40ರಿಂದ ಆ ಲೋಕದ ಒಂದೇ ಒಂದು ನಿಯಮ ಆರಿಸಿಕೊಳ್ಳಿ.

ಯಾವುದು? ಯಾರದಾದರೂ ಕೆಲಸ ಕೆಡಿಸುವಂಥದ್ದು. ಸಮುದ್ರದ ಇಳಿತದ ಆಸುಪಾಸಿನ 3 ಗಂಟೆ ಮಾತ್ರ ಲೋಕಲ್ ರೈಲು ಓಡುತ್ತೆ ಅಂತಿಟ್ಟುಕೊಳ್ಳಿ. ಮಾಟುಂಗಾದ ಅಮ್ಮನಿಗೆ ದೂರದ ಕಲ್ಯಾಣ್ ಊರಲ್ಲಿ ಡಯಾಲಿಸಿಸ್, ಒಂದು ಸಲಕ್ಕೆ ಸುಮಾರು 4 ಗಂಟೆ. ಹೋದ ಇಳಿತದಲ್ಲೇ ವಾಪಸ್ ಬರೋಕಾಗಲ್ಲ. ಮುಂದಿನದು ಸುಮಾರು 12 ಗಂಟೆ 25 ನಿಮಿಷಕ್ಕೆ. ಅಲ್ಲೀತನಕ ಸುಸ್ತಾದ ಅಮ್ಮನನ್ನು ಮಗಳು ಯಾರ ಮನೆಯಲ್ಲಿ ಮಲಗಿಸ್ತಾಳೆ? ಕಥೆ ಶುರುವಾಯ್ತು. ಇಳಿತ ದಿನಾ ಸುಮಾರು 50 ನಿಮಿಷ ತಡವಾಗುತ್ತೆ, ಹಾಗಾಗಿ ಆಸ್ಪತ್ರೆಯ ಗಡಿಯಾರಕ್ಕೂ ರೈಲಿಗೂ ಹೊಂದೋದೇ ಇಲ್ಲ. ಇದಕ್ಕೆ ಡೈಲಾಗ್ ಬೇಡ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಪಕ್ಕ ಪೆನ್ಸಿಲಿನಲ್ಲಿ ಗೀಚಿದ ಇಳಿತದ ವೇಳೆ ಸಾಕು. ಜೋರು ಮಳೆಗೆ ಉಬ್ಬರ ಸೇರಿದರೆ ಸಾಯನ್-ಕುರ್ಲಾ ನಡುವೆ ಹಳಿ ಮುಳುಗೋದನ್ನು ಈಗಲೇ ನೋಡಿರೋ ಊರಿನವರಿಗೆ ವಿವರಣೆ ಯಾಕೆ?

'ಏಲಿಯನ್' (1979) ನೋಡಿ. ಅನ್ಯಲೋಕದ ಪ್ರಾಣಿ ಕಾಣಿಸೋ ಮೊದಲೇ ಬಾಹ್ಯಾಕಾಶ ಹಡಗಿನವರು ಬೋನಸ್ ಪಾಲಿಗೆ ಗೊಣಗ್ತಾರೆ. ಬುದ್ಧಿಯಿರೋ ಜೀವಿಗಳದ್ದಿರಬಹುದಾದ ಸಂಕೇತ ಸಿಕ್ಕರೆ ಹೋಗಿ ನೋಡಲೇಬೇಕು, ಇಲ್ಲವಾದರೆ ಪಾಲು ಪೂರ್ತಿ ಖೋತಾ ಅನ್ನೋದು ಕಂಪನಿಯ ಕರಾರು. ಅದೊಂದೇ ಷರತ್ತು ಆ ಲೋಕ ಎಂಥದ್ದೆಂದು ತೋರಿಸುತ್ತೆ, ಅವರನ್ನು ಗ್ರಹಕ್ಕೂ ಇಳಿಸುತ್ತೆ.

ಕೆಡೋದು ಸಾಮಾನ್ಯವಾಗಿ ಎಡಿಟಿಂಗ್ ಟೇಬಲ್ ಮೇಲೆ. ನೋಡುವವರಿಗೆ ಅರ್ಥವಾಗಲ್ಲ ಅನ್ನೋ ಭಯಕ್ಕೆ ವಾಯ್ಸ್ ಓವರ್, ಅಂದರೆ ಹಿನ್ನೆಲೆಯಲ್ಲಿ ವಿವರಿಸೋ ದನಿ, ಮೆತ್ತುತ್ತಾರೆ. 1982ರ 'ಬ್ಲೇಡ್ ರನ್ನರ್'ನಲ್ಲಿ ಇದ್ದದ್ದನ್ನು 1992ರ ಆವೃತ್ತಿಯಲ್ಲಿ ತೆಗೆದರು, ಚಿತ್ರಕ್ಕೆ ಒಳ್ಳೆಯದೇ ಆಯ್ತು. ಅದರ ಕಥೆ ತೆಳುವೇ, ನನ್ನ ಪ್ರಕಾರ. ಮಳೆ, ಹೊಗೆ, ಜನಜಂಗುಳಿಯ ಲಾಸ್ ಏಂಜಲೀಸ್ ಎರಡು ಗಂಟೆ ಚಿತ್ರವನ್ನು ಹೊತ್ತು ನಡೆಸುತ್ತೆ. ಅಂಥ ಸೆಟ್ಟಿಗೆ ನಿಮ್ಮ ಹತ್ತಿರ ದುಡ್ಡಿಲ್ಲವಲ್ಲ!

ನಿಮಗೆ ಅಗ್ಗಕ್ಕೆ ಸಿಗೋದು ಸದ್ದು. ಸ್ಟೇಷನ್ನಿನ ಅನೌನ್ಸ್‌ಮೆಂಟ್ ಧಾಟಿಯಲ್ಲೇ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಇಳಿತದ ವೇಳೆ ಡಬ್ ಮಾಡಿಸಿ, ಮಾತಿಲ್ಲದ ಶಾಟಿನ ಹಿಂದೆ ಇಡಿ. ಮಾತಿನ ಮೇಲೆ ಹಾಕಿದರೆ ಎರಡೂ ಕೇಳಲ್ಲ.

ರಫ್ ಕಟ್ (ಮೊದಲ ಒರಟು ಎಡಿಟ್) ಆದಮೇಲೆ ಆ 40 ಪುಟ ಓದದವರಿಗೆ ತೋರಿಸಿ, ಒಂದೇ ಪ್ರಶ್ನೆ ಕೇಳಿ: ಇವರಿಬ್ಬರೂ ಸಂಜೆಗೆ ಯಾಕೆ ಮನೆಗೆ ಬರಲಿಲ್ಲ? ಸರಿಯಾಗಿ ಹೇಳಿದರೆ, ವಿವರಣೆಯ ಇನ್ನೊಂದು ಸಾಲು ಕತ್ತರಿಸಿ ಮತ್ತೊಬ್ಬರಿಗೆ ತೋರಿಸಿ.