ಮರ ಬಿದ್ದು ಜಜ್ಜಿಹೋದ ಆಲ್ಟೋ: ಗುಜರಿಯವರು ಹೇಳಿದ ರೇಟಿಗೆ ಕೊಡಬಹುದಾ?

ನೀವು ಕೇಳಿರುವುದು ಇಷ್ಟು: ಕೊಡಗಿನ ಸುಂಟಿಕೊಪ್ಪದ ಹತ್ತಿರ ಮನೆ, 2012ರ ಆಲ್ಟೋ. ಮಳೆಗೆ ಸಿಲ್ವರ್ ಓಕ್ ಮರ ಬಿದ್ದು ಟಾಪ್ ಒಳಗೆ ಕೂತಿದೆ, ಮುಂದಿನ ಗ್ಲಾಸ್ ಹೋಗಿದೆ. ಎಂಜಿನ್ ಮಾತ್ರ ಸ್ಟಾರ್ಟ್ ಆಗುತ್ತದೆ. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ. ಗುಜರಿಯವರು 18 ಸಾವಿರ ಅಂದಿದ್ದಾರೆ, ಕೊಡಬಹುದಾ?

ಈಗಲೇ ಕೊಡಬೇಡಿ.

ಆ 18 ಸಾವಿರ ಎಲ್ಲಿಂದ ಬಂತು ನೋಡಿ. ನಿಮ್ಮ ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ ಬರೆದಿರುತ್ತದೆ. ಆಲ್ಟೋಗೆ ಅದು ಸುಮಾರು 720 ಕಿಲೋ. ಕಿಲೋಗೆ 25 ರೂಪಾಯಿ ಹಿಡಿದು ಗುಣಿಸಿ, 18 ಸಾವಿರವೇ ಬರುತ್ತದೆ. ಅಂದರೆ ನಿಮ್ಮ ಗಾಡಿಯನ್ನು ಅವರು ಕಬ್ಬಿಣದ ಲೆಕ್ಕದಲ್ಲಿ ಕೇಳಿರುವ ಹಾಗಿದೆ. ಸೀಟು, ಟಯರು, ಗ್ಲಾಸಿನ ತೂಕವೂ ಅದರಲ್ಲೇ ಸೇರಿದೆ, ಸಾಗಿಸುವ ಖರ್ಚೂ ಅವರಿಗಿದೆ, ಹಾಗಾಗಿ ಬರೀ ಗುಜರಿ ಅಂದುಕೊಂಡರೆ ಅದು ಅನ್ಯಾಯದ ರೇಟ್ ಅಲ್ಲ. ಆದರೆ ಸ್ಟಾರ್ಟ್ ಆಗುವ ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್, ಬಾಗಿಲು, ಲೈಟುಗಳನ್ನು ಅವರು ಕಿಲೋ ಲೆಕ್ಕದಲ್ಲಿ ಮಾರುವುದಿಲ್ಲ. ಆಲ್ಟೋ ಊರೂರಲ್ಲೂ ಓಡುವ ಗಾಡಿ, ಅದರ ಹಳೇ ಪಾರ್ಟ್ಸ್ ಕೇಳಿಕೊಂಡು ಬರುವವರು ಯಾವಾಗಲೂ ಇರುತ್ತಾರೆ.

ನಮ್ಮ ಚಿಕ್ಕಪ್ಪನ ಹಳೇ ಓಮ್ನಿ ನೋಡಲು ಒಬ್ಬರು ಬಂದಿದ್ದರು. ಜಜ್ಜಿದ ಬಾಗಿಲಿಗೆ ಕೈ ತೋರಿಸಿ "ಇದರಲ್ಲಿ ಏನಿದೆ ಸರ್" ಅಂತಲೇ ಮಾತು ಶುರು ಮಾಡಿದರು. ಆಮೇಲೆ ಆ ಬಾಗಿಲಿನ ಕಡೆ ತಿರುಗಿಯೂ ನೋಡಲಿಲ್ಲ. ಆಯಿಲ್ ಕ್ಯಾಪ್ ತಿರುಗಿಸಿ ಒಳಗೆ ಹಾಲಿನ ಕೆನೆ ಥರ ಬಿಳಿ ಕಟ್ಟಿದೆಯಾ, ಅಂದರೆ ಆಯಿಲ್‌ಗೆ ನೀರು ಸೇರಿದೆಯಾ ಅಂತ ನೋಡಿದರು. ಕಾರ್ಪೆಟ್ ಎತ್ತಿ ಹೆಬ್ಬೆರಳಲ್ಲಿ ಫ್ಲೋರ್ ಒತ್ತಿದರು. ಕೊನೆಗೆ ನೆಲಕ್ಕೆ ಬಗ್ಗಿ ಸೈಲೆನ್ಸರ್ ಲೈನ್ ಪೂರ್ತಿ ಕಣ್ಣಲ್ಲೇ ಅಳೆದರು. ಅಲ್ಲಿ ಹುಡುಕುವುದು ಕ್ಯಾಟಲಿಟಿಕ್ ಕನ್ವರ್ಟರನ್ನು, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿಯನ್ನು. ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತದೆ, ತೂಕ ಕಡಿಮೆ, ಬೆಲೆ ಜಾಸ್ತಿ. ನಿಮ್ಮ ಗಾಡಿಯಲ್ಲೂ ಇದನ್ನೆಲ್ಲ ಅವರಿಗಿಂತ ಮೊದಲು ನೀವೇ ನೋಡಿಟ್ಟುಕೊಳ್ಳಿ. ಕೊಡಗಿನ ಮಳೆಗೆ ಫ್ಲೋರ್ ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು. ಇದ್ದರೆ ಇದೆ ಅಂತ ಒಪ್ಪಿಕೊಳ್ಳಿ, ಚೌಕಾಸಿಯಲ್ಲಿ ನಿಮ್ಮ ಉಳಿದ ಮಾತಿಗೆ ಬೆಲೆ ಬರುತ್ತದೆ.

ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಎರಡು ವಿಷಯ ಕೇಳಿ. ಟಾಪ್ ಟಿಂಕರಿಂಗ್ ಮಾಡಿಸಿದರೆ ಖರ್ಚೆಷ್ಟು? ಪಿಲ್ಲರ್, ಅಂದರೆ ಟಾಪನ್ನು ಹೊತ್ತಿರುವ ಕಂಬ, ಬಗ್ಗಿದೆಯಾ? ಪಿಲ್ಲರ್ ನೆಟ್ಟಗಿದ್ದರೆ ರಿಪೇರಿ ಮಾಡಿ ಓಡಿಸುವವರೇ ನಿಮಗೆ ಒಳ್ಳೆಯ ಗಿರಾಕಿ. ಆದರೆ 2027ಕ್ಕೆ ಗಾಡಿಗೆ 15 ವರ್ಷ ತುಂಬುತ್ತದೆ, ಮತ್ತೆ ಆರ್‌ಸಿ ರಿನ್ಯೂವಲ್ ಆಗಬೇಕು, ಫೀಸೇ 5,000. ಅದನ್ನು ಅವರು ಲೆಕ್ಕಕ್ಕೆ ಹಿಡಿದೇ ಹಿಡಿಯುತ್ತಾರೆ. ಪಿಲ್ಲರ್ ಬಗ್ಗಿದ್ದರೆ ಮೈಸೂರಿನ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಫೋಟೋ ಕಳಿಸಿ. ಎಂಜಿನ್ ಓಡುತ್ತಿರುವ ವಿಡಿಯೋ, ಮೀಟರ್ ರೀಡಿಂಗ್ ಎರಡೂ ಇರಲಿ. ಕುಶಾಲನಗರದಲ್ಲೂ ಗೋಣಿಕೊಪ್ಪದಲ್ಲೂ ಕೇಳಿ. ಕಾಫಿ ಮಾರುವಾಗ ಒಬ್ಬರೇ ವ್ಯಾಪಾರಿ ಹೇಳಿದ ಔಟ್‌ಟರ್ನ್ (ಚೀಲಕ್ಕೆ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ) ನಂಬಿ ಚೀಲ ಇಳಿಸುತ್ತೇವಾ? ಇಲ್ಲೂ ಹಾಗೇ.

ಜೀಪು, ಜಿಪ್ಸಿ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೆ ಒಂದು ಮಾತು. ತೋಟದ ಕೆಲಸಕ್ಕೆ ಅವನ್ನು ಹುಡುಕುವವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ದಯವಿಟ್ಟು ಕಿಲೋ ಲೆಕ್ಕದಲ್ಲಿ ಕೊಡಬೇಡಿ.

ಮಾತಿಗೆ ಕೂತಾಗ ನಿಮ್ಮ ರೇಟ್ ಮೊದಲು ಹೇಳಬೇಡಿ. ಹೇಳುವಾಗ ಸುಮ್ನೆ "ಜಾಸ್ತಿ ಮಾಡಿ" ಅನ್ನುವುದಕ್ಕಿಂತ "ಕಬ್ಬಿಣಕ್ಕೆ ಇಷ್ಟು ಅಂದ್ರಿ, ಎಂಜಿನ್ ಗೇರ್‌ಬಾಕ್ಸಿಗೆ ಎಷ್ಟು?" ಅಂತ ಬಿಡಿಸಿ ಕೇಳಿ. ಸಾಗಿಸುವ ಖರ್ಚು ಯಾರದು ಅಂತ ಆಗಲೇ ಮಾತಾಗಲಿ. ಕೆಲವರು ಫೋನಲ್ಲಿ ಒಳ್ಳೇ ರೇಟ್ ಹೇಳಿ, ಪಿಕಪ್ ತಂದು ನಿಲ್ಲಿಸಿದ ಮೇಲೆ "ಬ್ಯಾಟರಿ ವೀಕು, ಟಯರ್ ಸವೆದಿದೆ" ಅಂತ ಮೂರ್ನಾಲ್ಕು ಸಾವಿರ ಕಡಿಯುತ್ತಾರೆ. ಒಪ್ಪಿದ ರೇಟು ಮತ್ತು ಫೋಟೋ ವಾಟ್ಸಾಪಲ್ಲಿ ಇದ್ದರೆ ಗಟ್ಟಿಯಾಗಿ ನಿಲ್ಲಬಹುದು. ದುಡ್ಡು ಪೂರ್ತಿ ಕೈಗೆ ಬರುವ ತನಕ ಕೀ ಕೊಡಬೇಡಿ.

ಇನ್ನು ಕಾಗದದ ವಿಷಯ. ನನಗೆ ನಿಜವಾಗಿ ಭಯ ಇರುವುದು ಇಲ್ಲಿ. ಎರಡು ಸಾವಿರ ಕಡಿಮೆ ಬಂದರೂ ಪರವಾಗಿಲ್ಲ, ಸಹಿ ಹಾಕಿದ ಖಾಲಿ ಫಾರಂ ಜೊತೆ ಆರ್‌ಸಿ ಕೊಟ್ಟು ಕಳಿಸಬೇಡಿ. ಆ ಗಾಡಿ ರಿಪೇರಿಯಾಗಿ ರಸ್ತೆಗೆ ಇಳಿದು ಅಪಘಾತವಾದರೆ ನೋಟಿಸ್ ಬರುವುದು ನಿಮ್ಮ ಮನೆಗೆ. ಗಾಡಿ ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಓಡಿಸುವವರಿಗೆ ಮಾರಿದರೆ ಫಾರಂ 29, 30 ತುಂಬಿ ಹೆಸರು ಬದಲಾಯಿಸಿಯೇ ಬಿಡಿ. ಒಡೆಯುವುದಕ್ಕೇ ಕೊಡುವುದಾದರೆ ಮಡಿಕೇರಿ ಆರ್‌ಟಿಓದಲ್ಲಿ ಆರ್‌ಸಿ ರದ್ದು ಮಾಡಿಸಿ. ಗಾಡಿ ಇನ್ನು ಓಡುವ ಹಾಗಿಲ್ಲ ಅಂತಾದರೆ 14 ದಿನದೊಳಗೆ ತಿಳಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ಚಾಸಿ ನಂಬರ್ ಇರುವ ತುಂಡನ್ನು ಆರ್‌ಟಿಓದವರು ಕೇಳಬಹುದು, ಒಡೆಯುವ ಮೊದಲೇ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಹೊಸ ಗಾಡಿ ತಗೊಳ್ಳುವ ಯೋಚನೆ ಇದ್ದರೆ ಸರ್ಕಾರದ ನೋಂದಣಿ ಇರುವ ಸ್ಕ್ರ್ಯಾಪಿಂಗ್ ಕೇಂದ್ರದಲ್ಲೂ ರೇಟ್ ಕೇಳಿ. ಅಲ್ಲಿ ಸರ್ಟಿಫಿಕೇಟ್ ಆಫ್ ಡೆಪಾಸಿಟ್, ಅಂದರೆ ಗಾಡಿಯನ್ನು ಒಡೆಯಲು ಒಪ್ಪಿಸಿದ್ದಕ್ಕೆ ಪತ್ರ, ಕೊಡುತ್ತಾರೆ. ಅದನ್ನು ತೋರಿಸಿದರೆ ಹೊಸ ಗಾಡಿಯ ರಿಜಿಸ್ಟ್ರೇಷನ್ ಫೀಸ್ ಇಲ್ಲ, ಸ್ವಂತ ಬಳಕೆಯ ಗಾಡಿಗೆ ರೋಡ್ ಟ್ಯಾಕ್ಸಲ್ಲಿ 25 ಪರ್ಸೆಂಟ್ ತನಕ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಕೈಗೆ ಬರುವ ದುಡ್ಡು ಸ್ವಲ್ಪ ಕಡಿಮೆ ಅನ್ನಿಸಿದರೂ ಇದನ್ನು ಸೇರಿಸಿ ಲೆಕ್ಕ ಹಾಕಿ.

ಫುಲ್ ಇನ್ಶೂರೆನ್ಸ್ ಇರುವವರು ಮರ ಬಿದ್ದ ಕೂಡಲೇ ಗುಜರಿಯವರನ್ನು ಕರೆಯಬೇಡಿ. ಮೊದಲು ಕಂಪನಿಗೆ ಫೋನ್ ಮಾಡಿ, ಸರ್ವೇಯರ್ ನೋಡುವ ತನಕ ಫೋಟೋ ತೆಗೆದಿಟ್ಟು ಗಾಡಿಯನ್ನು ಹಾಗೇ ಬಿಡಿ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ಹಿಡಿದ ಬೆಲೆ) 75 ಪರ್ಸೆಂಟ್ ದಾಟಿದರೆ ಟೋಟಲ್ ಲಾಸ್ ಅಂತ ತೀರ್ಮಾನಿಸುತ್ತಾರೆ.

ಗಾಡಿ ಅಂಗಳದಿಂದ ಹೋಗುವ ಮೊದಲು ಫಾಸ್ಟ್ಯಾಗ್ ಬಂದ್ ಮಾಡಿಸಿ, ಡ್ಯಾಶ್‌ಬೋರ್ಡಲ್ಲಿರುವ ಕಾಗದಪತ್ರ ತೆಗೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಪಿಲ್ಲರ್ ಬಗ್ಗೆ ಏನಂದರು ಅಂತ ಇಲ್ಲೇ ಬರೆಯಿರಿ. ಎಷ್ಟಕ್ಕೆ ಕೇಳಬಹುದು ಅಂತ ಆಮೇಲೆ ಕೂತು ಲೆಕ್ಕ ಹಾಕೋಣ.